ಬಂಡೆಯ ಮೇಲಿನ ಕಲೆಗೂ ಒಂದು ಹೆಸರುಂಟು

ರಾಯಚೂರು ಸೀಮೆಯ ಚರಿತ್ರೆ ಬಹುಮಟ್ಟಿಗೆ ಕಲ್ಲಿನ ಮೇಲೆ ಬರೆದ ಚರಿತ್ರೆ. ಮಸ್ಕಿಯ ಗುಡ್ಡದ ಬಂಡೆಯೊಂದರಲ್ಲಿ ಅಶೋಕನ ಹೆಸರಿದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳೂ ಶಾಸನಗಳೂ ಇವೆ. ರಾಯಚೂರು ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದ್ದು, ಅದರ ಮೇಲಿನ ಕ್ರಿ.ಶ. 1294ರ ಶಾಸನ ಕೋಟೆ ಕಟ್ಟಿದ ಸಂಗತಿಯನ್ನು ತಿಳಿಸುತ್ತದೆ. ಕಾಕತೀಯರ ಪರವಾಗಿ ದಂಡೆತ್ತಿ ಬಂದ ವಿಠಲನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ಸ್ಥಳಗಳನ್ನು ಗೆದ್ದು ರಾಯಚೂರಿಗೆ ಬಂದು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಸಾರ. ಅಲ್ಲಿ ಬರುವ ಮಾನುವವೇ ಇಂದಿನ ಮಾನ್ವಿ. ಆ ದೈತ್ಯಶಿಲೆಯನ್ನು ಗಾಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಅಂದಿನ ಶಿಲ್ಪಿಗಳು ಗೋಡೆಯಲ್ಲಿ ಗೀರಿಟ್ಟಿದ್ದಾರೆ.

ಈ ಸೀಮೆಯ ಕಲ್ಲುಗಳನ್ನು ಅಕ್ಷರಕ್ಕಾಗಿ ನೋಡುವವರ ಕಣ್ಣಿಗೆ ಅಕ್ಷರಕ್ಕಿಂತ ಮೊದಲು ಬೀಳುವುದು ಇನ್ನೊಂದು ಬರಹ. ಕಲ್ಲಿನ ಮೈಮೇಲೆ ಬೂದು ಬಣ್ಣದ ದುಂಡು ಮಚ್ಚೆಗಳು, ಹಳದಿ ಚುಕ್ಕಿಗಳು, ಕಿತ್ತಳೆ ಬಣ್ಣದ ಹಕ್ಕಳೆಗಳು, ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು. ಕೆಲವರು ಇದನ್ನು ಪಾಚಿ ಎನ್ನುತ್ತಾರೆ, ಕೆಲವರು ಕಲೆ ಎನ್ನುತ್ತಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೊರಟವರು ಕೊಳೆ ಎಂದೇ ತೀರ್ಮಾನಿಸಿ ತಂತಿಬ್ರಷ್ ಹಿಡಿಯುತ್ತಾರೆ. ವಾಸ್ತವವಾಗಿ ಇವುಗಳಲ್ಲಿ ಬಹಳಷ್ಟು ಜೀವಂತ ವಸ್ತುಗಳು. ವಿಜ್ಞಾನಿಗಳು ಲೈಕೆನ್ ಎಂದು ಕರೆಯುವ ಗುಂಪಿಗೆ ಸೇರಿದವು. ಪ್ರತಿಯೊಂದಕ್ಕೂ ಕುಲವಿದೆ, ಹೆಸರಿದೆ, ತನ್ನದೇ ಆದ ನಡವಳಿಕೆಯಿದೆ. ಆ ಹೆಸರನ್ನು ಇಡುವ ವಿದ್ಯೆ ಬೆಳೆಯಲು ಇನ್ನೂರೈವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಕಲ್ಲಿನ ಅಕ್ಷರವನ್ನು ಉಳಿಸಿಕೊಳ್ಳಬೇಕೆನ್ನುವವರಿಗೂ ಈ ವಿದ್ಯೆ ಅಗತ್ಯವೆಂಬುದು ನಿಧಾನವಾಗಿ ಅರಿವಿಗೆ ಬಂದಿರುವ ಸಂಗತಿ.

ಹೆಸರು ಕಲ್ಲಿನದು, ವಾಸ ಮರದಲ್ಲಿ

ಕನ್ನಡಿಗರಿಗೆ ಲೈಕೆನ್ ಅಪರಿಚಿತವೇನಲ್ಲ. ಮಸಾಲೆ ಪುಡಿಗೆ ಹಾಕುವ ಕಲ್ಲುಹೂ ಒಂದು ಲೈಕೆನ್. ಮರಾಠಿಗರ ದಗಡಫೂಲ್, ಹೈದರಾಬಾದಿನ ಅಡುಗೆಯವರ ಪತ್ಥರ್ ಕಾ ಫೂಲ್ ಕೂಡ ಇದೇ. ಸಂಸ್ಕೃತದ ವೈದ್ಯಗ್ರಂಥಗಳು ಶೈಲೇಯ, ಶಿಲಾಪುಷ್ಪ ಎಂದು ಹೆಸರಿಸುವ ಸುಗಂಧ ದ್ರವ್ಯವೂ ಇದೆಂದೇ ಪಂಡಿತರು ಗುರುತಿಸುತ್ತಾರೆ. ಶಾಲೆಯ ಪಠ್ಯಪುಸ್ತಕಗಳಲ್ಲಿ ಇದೇ ಜಾತಿ ಶಿಲಾವಲ್ಕ ಎಂಬ ಗಂಭೀರ ಹೆಸರಿನಲ್ಲಿ ಕಾಣಿಸಿಕೊಂಡಿತು. ಎಲ್ಲ ಭಾಷೆಗಳೂ ಕಲ್ಲನ್ನೇ ಹಿಡಿದು ಹೆಸರಿಟ್ಟಿವೆ.

ಆದರೆ ಇಲ್ಲೊಂದು ತಮಾಷೆಯಿದೆ. ರಾಯಚೂರಿನ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಕೊಡುವ ಕಲ್ಲುಹೂ ರಾಯಚೂರಿನ ಕಲ್ಲಿನದಲ್ಲ. ಅದರಲ್ಲಿ ಬಹುಪಾಲು ಹಿಮಾಲಯದ ತಪ್ಪಲಿನ ಮತ್ತು ಪಶ್ಚಿಮಘಟ್ಟದ ಕಾಡುಗಳಲ್ಲಿ ಮರದ ತೊಗಟೆಯಿಂದ ಕಿತ್ತು ತಂದದ್ದು. ಒಂದೇ ಪೊಟ್ಟಣದಲ್ಲಿ ಪಾರ್ಮೋಟ್ರೀಮ ಕುಲದ ಹಲವು ಪ್ರಭೇದಗಳೂ, ಕೆಲವೊಮ್ಮೆ ಅಸ್ನಿಯ, ರಾಮಲಿನ ಮುಂತಾದ ಬೇರೆ ಕುಲದವೂ ಬೆರೆತಿರುತ್ತವೆ. ಕೊಳ್ಳುವವರಿಗೂ ಮಾರುವವರಿಗೂ ಅದು ಒಂದೇ ವಸ್ತು. ಮೇಲೆ ಕಪ್ಪು-ಬೂದು ಬಣ್ಣ, ಕೆಳಗೆ ಕಡುಕಪ್ಪು, ಹುರಿದರೆ ಪರಿಮಳ. ಇತ್ತ ರಾಯಚೂರು, ದೇವದುರ್ಗ, ಮಾನ್ವಿಗಳ ಒಣ ಬಂಡೆಗಳಿಗೆ ನಿಜವಾಗಿ ಅಂಟಿಕೊಂಡಿರುವ ಲೈಕೆನ್‌ಗಳು ಬಹುಮಟ್ಟಿಗೆ ಉಗುರಿನಿಂದ ಕೆರೆದರೂ ಏಳದ ಹಕ್ಕಳೆಗಳು. ಅವು ಯಾವ ಮಸಾಲೆಗೂ ಬರುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಕಾರಣಕ್ಕೋ ಏನೋ, ಅವಕ್ಕೆ ಜನರ ಬಾಯಲ್ಲಿ ಬೇರೆಬೇರೆ ಹೆಸರುಗಳೂ ಹುಟ್ಟಲಿಲ್ಲ.

ಬಡ ರೈತರೆಂದು ಕರೆದ ಲಿನೇಯಸ್

ಹೆಸರಿಲ್ಲದ ಈ ಸ್ಥಿತಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಸಸ್ಯಗಳಿಗೂ ಪ್ರಾಣಿಗಳಿಗೂ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತನ್ನ ಸಸ್ಯಗ್ರಂಥವನ್ನು ಪ್ರಕಟಿಸಿದಾಗ, ತನಗೆ ಗೊತ್ತಿದ್ದ ಸುಮಾರು 80 ಲೈಕೆನ್‌ಗಳನ್ನೂ ಒಂದೇ ಕುಲಕ್ಕೆ ಸೇರಿಸಿ ‘ಲೈಕೆನ್’ ಎಂದು ಕರೆದು ಪಾಚಿಗಳ ಜೊತೆಗೆ ಕೂರಿಸಿಬಿಟ್ಟ. ಹೂಬಿಡುವ ಗಿಡಗಳನ್ನು ಕೇಸರ, ಅಂಡಾಶಯಗಳ ಲೆಕ್ಕದಿಂದ ಅಷ್ಟು ಅಚ್ಚುಕಟ್ಟಾಗಿ ವಿಂಗಡಿಸಿದ ಆತನಿಗೆ ಹೂವೇ ಇಲ್ಲದ ಈ ಹಕ್ಕಳೆಗಳು ಮುಖ್ಯವೆನಿಸಲಿಲ್ಲ. ಸಸ್ಯರಾಜ್ಯದ ಬಡ ರೈತರು ಇವು ಎಂಬರ್ಥದ ಮಾತನ್ನು ಆತ ಆಡಿದ್ದುಂಟು.

ಈ ಬಡವರ ಬಗ್ಗೆ ಆಸ್ಥೆ ವಹಿಸಿದವನು ಲಿನೇಯಸ್‌ನ ಕೊನೆಯ ಶಿಷ್ಯರಲ್ಲೊಬ್ಬನಾದ ಎರಿಕ್ ಅಖಾರಿಯಸ್ (1757–1819). ವೃತ್ತಿಯಿಂದ ವೈದ್ಯ. ಗುರು ಒಂದೇ ಚೀಲದಲ್ಲಿ ತುಂಬಿಟ್ಟಿದ್ದನ್ನು ಈತ 1803, 1810 ಮತ್ತು 1814ರ ಗ್ರಂಥಗಳಲ್ಲಿ ನಲವತ್ತರಷ್ಟು ಕುಲಗಳಾಗಿ ಬಿಡಿಸಿಟ್ಟ. ಅದಕ್ಕಾಗಿ ಆತ ಮೊದಲು ಮಾಡಿದ ಕೆಲಸ ಪದಗಳನ್ನು ಸೃಷ್ಟಿಸಿದ್ದು. ಬೇರು, ಕಾಂಡ, ಎಲೆ ಎಂಬ ವಿಭಾಗವೇ ಇಲ್ಲದ ಈ ದೇಹಕ್ಕೆ ಥ್ಯಾಲಸ್ ಎಂಬ ಹೆಸರು. ಅದರ ಮೇಲೆ ಕಾಣುವ ಪುಟ್ಟ ಬಟ್ಟಲಿನಂಥ ಫಲಕ್ಕೆ ಅಪೊಥೀಸಿಯಮ್ ಎಂಬ ಹೆಸರು. ಗಾಳಿಗೆ ಉದುರಿ ಬೇರೆಡೆ ಬೆಳೆಯುವ ಹಿಟ್ಟಿನಂಥ ಕಣಗಳಿಗೆ ಸೊರೀಡಿಯಮ್ ಎಂಬ ಹೆಸರು. ಇಂದಿಗೂ ಲೈಕೆನ್ ಗುರುತಿಸಲು ಕೂರುವ ವಿದ್ಯಾರ್ಥಿ ಈ ಪದಗಳಿಂದಲೇ ಆರಂಭಿಸಬೇಕು. ಬೇರೆಯೆಂದು ಹೇಳಲು ಪದವಿಲ್ಲದಿದ್ದರೆ ಬೇರೆತನ ಕಣ್ಣಿಗೂ ಕಾಣುವುದಿಲ್ಲವೆಂಬುದಕ್ಕೆ ಅಖಾರಿಯಸ್‌ನ ಕೆಲಸ ಒಳ್ಳೆಯ ನಿದರ್ಶನ.

ಒಂದು ದೇಹ, ಎರಡು ಜೀವ

ಹೀಗೆ ಹೆಸರಿಟ್ಟು ಮುಗಿಸಿದರು ಎನ್ನುವಷ್ಟರಲ್ಲಿ, ಹೆಸರಿಟ್ಟದ್ದು ಯಾವುದಕ್ಕೆ ಎಂಬ ಪ್ರಶ್ನೆಯೇ ಎದ್ದಿತು. 1867ರಲ್ಲಿ ಸ್ವಿಟ್ಸರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಒಂದು ವಿಚಿತ್ರ ವಾದವನ್ನು ಮಂಡಿಸಿದ. ಲೈಕೆನ್ ಎಂಬುದು ಒಂದು ಸಸ್ಯವಲ್ಲ; ಅದು ಶಿಲೀಂಧ್ರ ಮತ್ತು ಪಾಚಿ ಸೇರಿ ನಡೆಸುವ ಸಂಸಾರ. ಹೊರಗಿನ ಗೋಡೆ, ನೆಲ, ಫಲ ಎಲ್ಲವೂ ಶಿಲೀಂಧ್ರದ್ದು. ಒಳಗೆ ಕೂತು ಬಿಸಿಲಿನಿಂದ ಆಹಾರ ತಯಾರಿಸುವುದು ಪಾಚಿಯದು. ಶ್ವೆಂಡೆನರ್ ಶಿಲೀಂಧ್ರವನ್ನು ಯಜಮಾನನಿಗೂ ಪಾಚಿಗಳನ್ನು ಸೆರೆಯಾಳುಗಳಿಗೂ ಹೋಲಿಸಿದ್ದು ಅಂದಿನ ವಿದ್ವಾಂಸರನ್ನು ಕೆರಳಿಸಿತು. ಜೀವಮಾನವಿಡೀ ಲೈಕೆನ್‌ಗಳನ್ನು ವಿಂಗಡಿಸುತ್ತ ಬಂದಿದ್ದ ವಿಲಿಯಮ್ ನೈಲಾಂಡರ್‌ನಂಥ ಹಿರಿಯರು ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. ತಾವು ಸಾವಿರಾರು ಹೆಸರಿಟ್ಟ ವಸ್ತು ಒಂದು ವಸ್ತುವೇ ಅಲ್ಲ ಎಂದರೆ ಯಾರಿಗೆ ತಾನೇ ಸಹನೆಯಾದೀತು? ಆದರೆ 1870ರ ದಶಕದ ಪ್ರಯೋಗಗಳಲ್ಲಿ ಶಿಲೀಂಧ್ರವನ್ನೂ ಪಾಚಿಯನ್ನೂ ಬೇರೆಬೇರೆಯಾಗಿ ತೆಗೆದುಕೊಂಡು ಮತ್ತೆ ಕೂಡಿಸಿದಾಗ ಲೈಕೆನ್ ರೂಪುಗೊಂಡಿತು. ವಾದ ನಿಂತಿತು.

ಹಾಗಾದರೆ ಹೆಸರು ಯಾರದು? 1950ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಇದಕ್ಕೊಂದು ನಿಯಮ ಮಾಡಿತು. ಲೈಕೆನ್‌ಗೆ ಕೊಟ್ಟ ಹೆಸರು ಅದರೊಳಗಿನ ಶಿಲೀಂಧ್ರಕ್ಕೆ ಸಲ್ಲತಕ್ಕದ್ದು. ಪಾಚಿಗೆ ಅದರದೇ ಬೇರೆ ಹೆಸರು. ಸಂಸಾರ ಇಬ್ಬರದಾದರೂ ಪಹಣಿ ಒಬ್ಬನ ಹೆಸರಿನಲ್ಲಿ ಎಂಬಂಥ ವ್ಯವಸ್ಥೆ ಇದು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಅನೇಕ ಲೈಕೆನ್‌ಗಳ ಹೊರಪದರದಲ್ಲಿ ಯೀಸ್ಟ್ ಜಾತಿಯ ಇನ್ನೊಂದು ಶಿಲೀಂಧ್ರವೂ ಇರುವುದನ್ನು ತೋರಿಸಿದ ಮೇಲೆ, ಸಂಸಾರದ ಸದಸ್ಯರ ಸಂಖ್ಯೆ ಎರಡಕ್ಕೇ ನಿಲ್ಲುವುದಿಲ್ಲವೆಂಬುದೂ ಸ್ಪಷ್ಟವಾಯಿತು.

ಹನಿಯೊಂದು ಬಣ್ಣ ಹಲವು

ಶ್ವೆಂಡೆನರ್‌ನನ್ನು ಒಪ್ಪದ ನೈಲಾಂಡರ್‌ನೇ ಲೈಕೆನ್ ವರ್ಗೀಕರಣಕ್ಕೆ ಮತ್ತೊಂದು ದಾರಿ ತೆರೆದನೆಂಬುದು ಸ್ವಾರಸ್ಯದ ಸಂಗತಿ. 1866ರಲ್ಲಿ ಆತ ಲೈಕೆನ್‌ನ ಮೈಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ, ಬ್ಲೀಚಿಂಗ್ ಪುಡಿಯ ದ್ರಾವಣದ ಒಂದು ಹನಿ ಬಿಟ್ಟು ಬಣ್ಣ ಬದಲಾಗುವುದನ್ನು ಗುರುತಿಸುವ ಪದ್ಧತಿಯನ್ನು ಬಳಕೆಗೆ ತಂದ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಲೈಕೆನ್‌ಗಳಲ್ಲಿ ಒಂದು ಹನಿ ಬಿದ್ದೊಡನೆ ಕೆಂಪಾದರೆ ಇನ್ನೊಂದು ಸುಮ್ಮನಿರುತ್ತದೆ. ಕಾರಣ, ಶಿಲೀಂಧ್ರವು ಪಾಚಿಯೊಡನೆ ಸೇರಿ ಬದುಕುವಾಗ ತಯಾರಿಸುವ ವಿಶಿಷ್ಟ ಆಮ್ಲಗಳು. ಪಾರ್ಮೋಟ್ರೀಮ ಟಿಂಕ್ಟೋರಮ್ ಎಂಬ ಕಲ್ಲುಹೂವಿನ ಒಳಪದರಕ್ಕೆ ಬ್ಲೀಚಿಂಗ್ ದ್ರಾವಣ ತಾಗಿದರೆ ಕೆಂಪಾಗುತ್ತದೆ. ಅದರಲ್ಲಿರುವ ಲೆಕನೋರಿಕ್ ಆಮ್ಲ ಅದಕ್ಕೆ ಕಾರಣ. ಕಿತ್ತಳೆ ಬಣ್ಣದ ಕ್ಯಾಲೊಪ್ಲಾಕದ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಬಿದ್ದರೆ ನೇರಳೆಯಾಗುತ್ತದೆ. ಪರಿಯೆಟಿನ್ ಎಂಬ ವರ್ಣದ್ರವ್ಯದ ಪರಿಣಾಮವದು. ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲ-ಕ್ಷಾರಗಳನ್ನು ಪರೀಕ್ಷಿಸುವ ಲಿಟ್ಮಸ್ ಕಾಗದದ ಬಣ್ಣವೂ ಮೂಲತಃ ಲೈಕೆನ್‌ಗಳಿಂದಲೇ ಬಂದದ್ದೆಂಬುದನ್ನು ಇಲ್ಲಿ ನೆನೆಯಬಹುದು.

1930ರ ದಶಕದಲ್ಲಿ ಜಪಾನಿನ ಯಸುಹಿಕೊ ಅಸಾಹಿನ ಈ ಆಮ್ಲಗಳನ್ನು ಹರಳುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರದಿಂದ ಗುರುತಿಸುವ ವಿಧಾನ ರೂಪಿಸಿದರು. 1970ರಲ್ಲಿ ಕಲ್ಬರ್ಸನ್ ಮತ್ತು ಕ್ರಿಸ್ಟಿನ್ಸನ್ ತೆಳುಪದರದ ಹಾಳೆಯ ಮೇಲೆ ಆಮ್ಲಗಳನ್ನು ಬೇರ್ಪಡಿಸುವ ಪದ್ಧತಿಯನ್ನು ಒಂದು ಕ್ರಮಕ್ಕೆ ತಂದರು. ಆನಂತರ ಬಂದದ್ದು ಡಿಎನ್‌ಎ. ಅದರ ಆಧಾರದಿಂದ 2013ರಲ್ಲಿ ಕ್ಯಾಲೊಪ್ಲಾಕ ಎಂಬ ಒಂದೇ ದೊಡ್ಡ ಕುಲವನ್ನು ಒಡೆದು ಹಲವು ಕುಲಗಳನ್ನಾಗಿ ಮಾಡಲಾಯಿತು. ಹಳೆಯ ಪಟ್ಟಿಗಳಲ್ಲಿ ಈ ಹೆಸರು ಕಂಡಾಗ ಈಗ ಅದು ಯಾವ ಮನೆಗೆ ಸೇರಿದೆಯೆಂದು ವಿಚಾರಿಸಿಕೊಳ್ಳಬೇಕು.

ಲಖನೌದಿಂದ ದಖ್ಖನಿಗೆ

ಭಾರತದ ಲೈಕೆನ್‌ಗಳ ಅಧ್ಯಯನ ಬಹುಕಾಲ ಯುರೋಪಿಯನ್ನರ ಕೈಯಲ್ಲಿತ್ತು. ಇಲ್ಲಿಗೆ ಬಂದ ಸಂಗ್ರಾಹಕರು ನೀಲಗಿರಿಯಿಂದಲೋ ಹಿಮಾಲಯದಿಂದಲೋ ಕಿತ್ತ ಮಾದರಿಗಳನ್ನು ಹಡಗಿನಲ್ಲಿ ಕಳಿಸುವುದು, ಅಲ್ಲಿಯ ಪಂಡಿತರು ಲ್ಯಾಟಿನ್ನಿನಲ್ಲಿ ವರ್ಣಿಸುವುದು ಪದ್ಧತಿ. ತಂಪು ಬೆಟ್ಟಗಳ ಸೊಂಪಾದ ಲೈಕೆನ್‌ಗಳೇ ಅವರನ್ನು ಹೆಚ್ಚಾಗಿ ಸೆಳೆದವು. ಬಿಸಿಲಿನ ಬಯಲುಸೀಮೆಯ ಹಕ್ಕಳೆಗಳ ಸರದಿ ಬಂದದ್ದು ತಡವಾಗಿ.

ಈ ವಿದ್ಯೆಯನ್ನು ಭಾರತದಲ್ಲಿ ನೆಲೆಯೂರಿಸಿದವರು ಲಖನೌ ವಿಶ್ವವಿದ್ಯಾಲಯದ ಧರಣಿಧರ ಅವಸ್ಥಿ (1922–2011). ಭಾರತ, ನೇಪಾಳ, ಪಾಕಿಸ್ತಾನ, ಸಿಂಹಳಗಳ ಲೈಕೆನ್‌ಗಳ ಪಟ್ಟಿಯನ್ನು 1965ರಲ್ಲಿ ಹೊರತಂದ ಅವರು, 1988ರಲ್ಲಿ ದೊಡ್ಡ ಲೈಕೆನ್‌ಗಳಿಗೂ 1991ರಲ್ಲಿ ಹಕ್ಕಳೆಯಂಥ ಸಣ್ಣ ಲೈಕೆನ್‌ಗಳಿಗೂ ಗುರುತಿಸುವ ಕೀಲಿಗಳನ್ನು ಪ್ರಕಟಿಸಿದರು. ಕೀಲಿ ಎಂದರೆ ಪ್ರಶ್ನೆಗಳ ಜೋಡಣೆ. ಬಟ್ಟಲಿನ ಅಂಚು ಕಪ್ಪೋ ದೇಹದ ಬಣ್ಣದ್ದೋ? ಬೀಜಕಣ ಒಂದು ಕೋಣೆಯದೋ ಎರಡರದೋ? ಹೀಗೆ ಒಂದೊಂದಾಗಿ ಉತ್ತರಿಸುತ್ತ ಹೋದರೆ ಕೊನೆಗೆ ಹೆಸರಿನ ಬಾಗಿಲು ತೆರೆಯುತ್ತದೆ. ಪುಣೆಯಲ್ಲಿ ಪಿ.ಜಿ. ಪಟವರ್ಧನ್ ಮತ್ತವರ ಶಿಷ್ಯರು, ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಡಿ.ಕೆ. ಉಪ್ರೇತಿ ಮತ್ತು ಸಂಗಡಿಗರು ಈ ಕೆಲಸವನ್ನು ಮುಂದುವರಿಸಿದರು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಮಲೆನಾಡಿನ ಕಾಡುಗಳಲ್ಲಿ ನಡೆಯಿತು. 2010ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಟ್ಟಿಯಲ್ಲಿ 2,300ಕ್ಕೂ ಹೆಚ್ಚು ಪ್ರಭೇದಗಳ ಹೆಸರಿದ್ದು, ಆ ಮೇಲೂ ಸಂಖ್ಯೆ ಏರುತ್ತಲೇ ಬಂದಿದೆ.

ಬಂಡೆಯ ಮುಂದೆ ನಿಂತು

ರಾಯಚೂರು, ದೇವದುರ್ಗ, ಮಾನ್ವಿಗಳ ಸುತ್ತಲಿನ ಗುಡ್ಡಗಳು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಯವು. ವಯಸ್ಸು ಸುಮಾರು 250 ಕೋಟಿ ವರ್ಷ. ಸೀಳಿಕೊಂಡು, ಸವೆದು, ಒಂದರ ಮೇಲೊಂದು ಗುಂಡುಗಳಾಗಿ ನಿಂತ ಈ ಬಂಡೆಗಳ ಮೇಲೆ ಬೇಸಿಗೆಯಲ್ಲಿ ಕಾಲಿಡಲಾಗದು. ಗಾಳಿಯ ಉಷ್ಣಾಂಶವೇ 40 ಡಿಗ್ರಿ ದಾಟುವಾಗ ಕಲ್ಲಿನ ಮೈ ಅದಕ್ಕಿಂತ ಹೆಚ್ಚು ಕಾದಿರುತ್ತದೆ. ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಇಂಥಲ್ಲಿ ಬದುಕಲು ಲೈಕೆನ್ ಕಂಡುಕೊಂಡ ಉಪಾಯ ಸರಳವಾದದ್ದು. ಒಣಗಿದಾಗ ಜೀವವ್ಯಾಪಾರವನ್ನೆಲ್ಲ ನಿಲ್ಲಿಸಿ ಸುಮ್ಮನಾಗುತ್ತದೆ. ಇಬ್ಬನಿಯೋ ಮಳೆಯೋ ಸೋಕಿದ ಕೆಲವೇ ನಿಮಿಷಗಳಲ್ಲಿ ಮತ್ತೆ ಚೇತರಿಸಿಕೊಂಡು ಕೆಲಸ ಆರಂಭಿಸುತ್ತದೆ. ವರ್ಷದಲ್ಲಿ ದುಡಿಯುವ ಗಂಟೆಗಳು ಕಡಿಮೆಯಾದ್ದರಿಂದ ಬೆಳವಣಿಗೆಯೂ ಅಷ್ಟೇ. ಹಕ್ಕಳೆ ಜಾತಿಯವು ಅನೇಕ ವೇಳೆ ವರ್ಷಕ್ಕೆ ಒಂದು ಮಿ.ಮೀ. ಕೂಡ ಹರಡುವುದಿಲ್ಲ. ಅಂಗೈಯಗಲದ ಒಂದು ಮಚ್ಚೆ ಅದನ್ನು ನೋಡುತ್ತಿರುವವರ ಅಜ್ಜನಿಗಿಂತ ಹಿರಿಯದಾಗಿರುವ ಸಾಧ್ಯತೆಯುಂಟು.

ಗುರುತಿಸುವವರು ಮೊದಲು ಕೇಳುವ ಪ್ರಶ್ನೆ: ಇದು ಯಾವ ಕಲ್ಲಿನ ಮೇಲಿದೆ? ಗ್ರಾನೈಟಿನ ಲೈಕೆನ್‌ಗಳೇ ಬೇರೆ, ಸುಣ್ಣದ ಅಂಶವಿರುವ ಕಲ್ಲಿನವೇ ಬೇರೆ. ರಾಯಚೂರು ಕೋಟೆಯ ಒಳಗೋಡೆಯ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಲಾಗಿದೆ. ಆದರೆ ಈ ಭಾಗದ ಅನೇಕ ಹಳೆಯ ಕಟ್ಟಡಗಳಲ್ಲಿ ಗ್ರಾನೈಟ್ ಕಲ್ಲುಗಳ ನಡುವೆ ಸುಣ್ಣದ ಗಾರೆಯಿದೆ. ಒಂದೇ ಗೋಡೆಯಲ್ಲಿ ಕಲ್ಲಿನ ಮೇಲೆ ಒಂದು ಬಗೆ, ಬೆರಳಗಲದ ಗಾರೆಯ ಗೆರೆಯ ಮೇಲೆ ಇನ್ನೊಂದು ಬಗೆ ಬೆಳೆಯುವುದು ಇದರಿಂದಲೇ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಕೂಡ ಸುಣ್ಣದ ಜಾತಿಯದು. ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿಟ್ಟರೆ ನೊರೆಯೇಳುತ್ತದೆಯೇ ಇಲ್ಲವೇ ಎಂಬುದರಿಂದಲೇ ಲೈಕೆನ್‌ಗಳ ಅರ್ಧ ಪಟ್ಟಿಯನ್ನು ಬದಿಗಿಡಬಹುದು.

ಎರಡನೆಯದು ದೇಹದ ಆಕಾರ. ಕಲ್ಲಿಗೆ ಪೂರ್ತಿ ಅಂಟಿದ ಹಕ್ಕಳೆಯೋ, ಅಂಚು ಮೇಲೆದ್ದ ಎಲೆಯೋ, ಟಿಸಿಲೊಡೆದ ಪೊದೆಯೋ? ಪೊದೆಯ ಜಾತಿಗೆ ತೇವ ಬೇಕು; ಅದರ ನೆಲೆ ಮಲೆನಾಡು. ಒಣ ದಖ್ಖನಿನ ಬಂಡೆಗಳಲ್ಲಿ ಹಕ್ಕಳೆಗಳದೇ ರಾಜ್ಯ. ಕಪ್ಪು ಬಟ್ಟಲುಗಳಿರುವ ಬೂದು ಹಕ್ಕಳೆ ಬುಯೆಲಿಯ ಇರಬಹುದು. ಅದರ ಬೀಜಕಣ ಕಂದು ಬಣ್ಣದ್ದು, ಎರಡು ಕೋಣೆಯದು. ಬಟ್ಟಲಿನ ಅಂಚು ದೇಹದ ಬಣ್ಣದ್ದೇ ಆಗಿದ್ದರೆ ಲೆಕನೋರ ಇರಬಹುದು. ಬಿರುಕುಬಿಟ್ಟ ಕೆರೆಯಂಗಳದಂತೆ ಕಾಣುವ ಹಳದಿಯೋ ಕಂದೋ ಆದ ಹಕ್ಕಳೆಯನ್ನು ಸೀಳಿ ನೋಡಿದಾಗ ಒಂದೊಂದು ಚೀಲದಲ್ಲಿ ನೂರಕ್ಕೂ ಮಿಕ್ಕಿದ ಬೀಜಕಣಗಳಿದ್ದರೆ ಅದು ಅಕಾರೋಸ್ಪೋರ. ಬೀಜಕಣದ ಎರಡು ತುದಿಗಳಲ್ಲಿ ಎರಡು ಕೋಣೆ, ನಡುವೆ ಸಣ್ಣ ಕಾಲುವೆಯಿದ್ದರೆ ಕ್ಯಾಲೊಪ್ಲಾಕದ ಬಳಗ. ಎಲೆಯಂಥವುಗಳಲ್ಲಿ ಹಳದಿ-ಹಸಿರು ಛಾಯೆಯ ಝಾಂಥೋಪಾರ್ಮೇಲಿಯ ಬಂಡೆಯನ್ನೇ ನೆಚ್ಚಿದ ಕುಲ.

ದೂರದಿಂದಲೇ ಕಾಣುವ ಕಪ್ಪು ಪಟ್ಟೆಗಳ ವಿಷಯ ಬೇರೆ. ಮಳೆಗಾಲದಲ್ಲಿ ನೀರು ಹರಿಯುವ ಜಾಡಿನಲ್ಲಿ ಮಾತ್ರ ಅವು ಮೂಡುತ್ತವೆ. ಅವು ಮುಖ್ಯವಾಗಿ ನೀಲಿಹಸಿರು ಪಾಚಿಗಳು. ಕಡುಬಣ್ಣ ಬಿಸಿಲಿನಿಂದ ಕಾಪಾಡಿಕೊಳ್ಳಲು ಅವು ಹೊದ್ದ ಕೊಡೆ. ಅದೇ ಜಾಡಿನ ಅಂಚಿನಲ್ಲಿ ನೀಲಿಹಸಿರು ಪಾಚಿಯನ್ನೇ ಸಂಗಾತಿಯಾಗಿ ಮಾಡಿಕೊಂಡ ಪೆಲ್ಟುಲ ಎಂಬ ಲೈಕೆನ್ ಬೆಳೆಯುತ್ತದೆ. ಹುಣಸೆಬೀಜದ ಸಿಪ್ಪೆಯಷ್ಟು ಸಣ್ಣ, ಕಂದು-ಹಸಿರು ಬಣ್ಣದ ಬಿಲ್ಲೆಗಳು. ಮಧ್ಯಭಾರತದ ಸ್ಮಾರಕಗಳ ಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಹೆಸರಿದು. ಉಷ್ಣವಲಯದ ಒಂಟಿ ಶಿಲಾಗುಡ್ಡಗಳನ್ನು ಹಲವು ಖಂಡಗಳಲ್ಲಿ ಪರಿಶೀಲಿಸಿದ ಜರ್ಮನಿಯ ಬುರ್ಕ್‌ಹಾರ್ಡ್ ಬ್ಯೂಡೆಲ್ ಮತ್ತಿತರರು ಈ ಕಪ್ಪು ಹೊದಿಕೆ ಅಂಥ ಗುಡ್ಡಗಳಿಗೆಲ್ಲ ಸಾಮಾನ್ಯವಾದ ಲಕ್ಷಣವೆಂದು ತೋರಿಸಿಕೊಟ್ಟಿದ್ದಾರೆ.

ಅಕ್ಷರಕ್ಕೆ ಶತ್ರುವೋ ಕಾವಲೋ

ಇಷ್ಟೆಲ್ಲ ಗುರುತಿಸಿ ಆಗಬೇಕಾದದ್ದೇನು? ಶಾಸನಗಳ ವಿಷಯಕ್ಕೆ ಬಂದಾಗ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಲೈಕೆನ್‌ನ ಶಿಲೀಂಧ್ರದ ಎಳೆಗಳು ಕಲ್ಲಿನ ಕಣಗಳ ಸಂದಿಗೆ ಇಳಿಯುತ್ತವೆ. ಗ್ರಾನೈಟಿನಲ್ಲಿ ಅಭ್ರಕದ ಪದರಗಳು ಅವಕ್ಕೆ ಸುಲಭದ ದಾರಿ; ಬೆಣಚು ಬಹುಮಟ್ಟಿಗೆ ಬಗ್ಗುವುದಿಲ್ಲ. ಎಳೆಗಳು ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗಿ ಕಣಗಳನ್ನು ಸಡಿಲಿಸುತ್ತವೆ. ಹಲವು ಜಾತಿಗಳು ಆಕ್ಸಾಲಿಕ್ ಆಮ್ಲವನ್ನೂ ಸ್ರವಿಸುತ್ತವೆ. ಶಾಸನದ ಗೀರು ಕೆಲವೇ ಮಿ.ಮೀ. ಆಳದ್ದಾದ್ದರಿಂದ ಮೇಲ್ಪದರದ ಈ ಸಡಿಲಿಕೆ ಸಣ್ಣದೇನಲ್ಲ. ಹಾಗೆಂದು ಎಲ್ಲ ಲೈಕೆನ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕೆಲವು ಮೇಲ್ಮೈಯಲ್ಲಷ್ಟೇ ಹರಡುತ್ತವೆ. ಕೆಲವು ಗಾಳಿ-ಮಳೆಗಳ ಹೊಡೆತಕ್ಕೆ ಅಡ್ಡವಾಗಿ ಕಲ್ಲನ್ನು ಕಾಯುತ್ತವೆಯೆಂದೂ ಅಧ್ಯಯನಗಳು ಹೇಳುತ್ತವೆ. ಯಾವುದು ಹಾಗೆ, ಯಾವುದು ಹೀಗೆ ಎಂಬುದು ಜಾತಿಯ ಮೇಲೂ ಕಲ್ಲಿನ ಮೇಲೂ ಅವಲಂಬಿತ. ಹೆಸರು ಗೊತ್ತಿಲ್ಲದೆ ಈ ತೀರ್ಮಾನಕ್ಕೆ ಬರಲಾಗದು.

ಆತುರದ ಶುಚಿಕಾರ್ಯ ಲೈಕೆನ್‌ಗಿಂತ ಹೆಚ್ಚು ಹಾನಿ ಮಾಡಬಲ್ಲದು. ಒಣಗಿದ ಹಕ್ಕಳೆಯನ್ನು ತಂತಿಬ್ರಷ್‌ನಿಂದ ಉಜ್ಜಿದರೆ ಅದು ಹಿಡಿದುಕೊಂಡಿರುವ ಕಲ್ಲಿನ ಕಣವೂ ಜೊತೆಗೇ ಬರುತ್ತದೆ. ಕಣದೊಂದಿಗೆ ಅಕ್ಷರದ ಅಂಚೂ ಹೋಗುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತಂಡ 1986ರಿಂದ 1993ರವರೆಗೆ ಕಾಂಬೋಡಿಯದ ಅಂಕೋರ್ ವಾಟ್ ದೇವಾಲಯದಲ್ಲಿ ಜೀರ್ಣೋದ್ಧಾರ ನಡೆಸಿತು. ಯುದ್ಧದಿಂದ ಜರ್ಜರಿತವಾಗಿದ್ದ ಆ ನಾಡಿಗೆ ಹೋಗಲು ಬೇರೆಯವರು ಹಿಂಜರಿಯುತ್ತಿದ್ದ ಕಾಲವದು. ಆಗ ಅಲ್ಲಿಯ ಮರಳುಗಲ್ಲಿನ ಮೇಲಿನ ಹಾವಸೆ, ಲೈಕೆನ್‌ಗಳನ್ನು ರಾಸಾಯನಿಕ ಮತ್ತು ಬ್ರಷ್‌ಗಳಿಂದ ತೆಗೆದದ್ದು ಮುಂದೆ ಬಹಳ ಟೀಕೆಗೆ ಒಳಗಾಯಿತು. ಆ ಟೀಕೆ ಎಷ್ಟರಮಟ್ಟಿಗೆ ನ್ಯಾಯವೆಂಬ ಚರ್ಚೆ ಏನೇ ಇರಲಿ, ಸ್ಮಾರಕದ ಮೇಲಿನ ಲೈಕೆನ್ ಕಸವಲ್ಲ, ಪರಿಶೀಲನೆಗೆ ಅರ್ಹವಾದ ವಿಷಯವೆಂಬ ಅರಿವು ಗಟ್ಟಿಯಾಗಲು ಅಂಥ ಅನುಭವಗಳು ಕಾರಣವಾದವು.

ಮಸ್ಕಿಯ ಉದಾಹರಣೆ ಇಲ್ಲಿ ಪ್ರಸ್ತುತ. ಅಲ್ಲಿಯ ಅಶೋಕನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಅದುವರೆಗೆ ದೇವಾನಾಂಪ್ರಿಯ ಎಂಬ ಬಿರುದಿನಿಂದಷ್ಟೇ ತಿಳಿದಿದ್ದ ದೊರೆ ಅಶೋಕನೇ ಎಂಬುದಕ್ಕೆ ಈ ಬಂಡೆ ನೇರ ಸಾಕ್ಷಿಯಾಯಿತು. ಎಂಟು ಸಾಲಿನ ಆ ಬರಹದಲ್ಲಿ ಅಲ್ಲಲ್ಲಿ ಅಕ್ಷರಗಳು ಮಾಸಿಹೋಗಿವೆ. ಆದರೂ ಹೆಸರಿರುವ ಭಾಗ ಉಳಿಯಿತು. ಗುಹೆಯಂಥ ಮರೆಯಲ್ಲಿರುವ ಬಂಡೆಯಾದ್ದರಿಂದ ನೇರ ಮಳೆ ಬೀಳುವುದಿಲ್ಲ. ಮಳೆ-ಬಿಸಿಲು ಕಡಿಮೆಯಾದಲ್ಲಿ ಲೈಕೆನ್‌ಗೂ ನೆಲೆ ಕಡಿಮೆ. ಬಯಲಿನಲ್ಲಿ ನಿಂತ ವೀರಗಲ್ಲು, ದಾನಶಾಸನಗಳಿಗೆ ಆ ಭಾಗ್ಯವಿಲ್ಲ.

ಶಾಸನದ ಅಚ್ಚು ತೆಗೆಯುವವರು ಮೊದಲು ಕಲ್ಲನ್ನು ನೀರಿನಿಂದ ತೊಳೆಯುತ್ತಾರೆ. ನೆನೆಸಿದ ಕಾಗದವನ್ನು ಅಂಟಿಸಿ ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸುತ್ತಾರೆ. ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನ ಮೇಲೆ ಉಬ್ಬಿನಿಂತ ಹಕ್ಕಳೆ ಈ ಅಚ್ಚಿನಲ್ಲಿ ಇಲ್ಲದ ಗೆರೆಯನ್ನು ಮೂಡಿಸಬಹುದು, ಇರುವ ತಗ್ಗನ್ನು ಮುಚ್ಚಬಹುದು. ಹಳಗನ್ನಡ ಲಿಪಿಯಲ್ಲಿ ಒಂದು ಸುತ್ತು, ಒಂದು ಕೊಂಬು ಹೆಚ್ಚುಕಡಿಮೆಯಾದರೆ ಹೆಸರೇ ಬೇರೆಯಾಗುತ್ತದೆ. ದುಂಡಗೆ ಹರಡುವ ಲೈಕೆನ್‌ನ ಅಂಚು ಯಾವುದು, ಉಳಿಯ ಗೀರು ಯಾವುದು ಎಂಬ ವಿವೇಚನೆ ಇಲ್ಲಿ ಬರಿಯ ಜೀವವಿಜ್ಞಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬಂಡೆ ಹೋದರೆ ಎರಡೂ ಹೋದಂತೆ

ವರ್ಗೀಕರಣಕ್ಕೆ ಒಂದು ತೊಡಕಿದೆ. ಹಕ್ಕಳೆ ಲೈಕೆನ್‌ನ ಹೆಸರು ಹೇಳಬೇಕಾದರೆ ಉಳಿ-ಸುತ್ತಿಗೆಯಿಂದ ಕಲ್ಲಿನ ಚಕ್ಕೆ ಸಮೇತ ಎಬ್ಬಿಸಿ, ಬ್ಲೇಡಿನಿಂದ ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಂರಕ್ಷಿತ ಸ್ಮಾರಕಕ್ಕೆ ಉಳಿ ತಾಗಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಅಪರಾಧ; ಅದು ಸರಿಯೂ ಹೌದು. ಆದ್ದರಿಂದ ಬಲ್ಲವರು ಮಾಡುವುದೆಂದರೆ ಸ್ಮಾರಕದ ಸುತ್ತಲಿನ, ಅದೇ ಜಾತಿಯ ಶಿಲೆಯ ಸಾಮಾನ್ಯ ಬಂಡೆಗಳಿಂದ ಮಾದರಿ ತೆಗೆದು, ಹೆಸರು ನಿರ್ಧರಿಸಿ, ಆ ತಿಳಿವಳಿಕೆಯಿಂದ ಶಾಸನದ ಮೇಲಿನದನ್ನು ಭೂತಗನ್ನಡಿಯಲ್ಲಿ ಗುರುತಿಸುವುದು. ಅಂದರೆ ಕೋಟೆಯ ಕಲ್ಲನ್ನು ಅರಿಯಲು ಕೋಟೆಯ ಹೊರಗಿನ, ಯಾರ ಲಕ್ಷ್ಯಕ್ಕೂ ಬಾರದ ಗುಂಡುಗಳು ಬೇಕು. ಆ ಗುಂಡುಗಳೇ ಈಗ ಕ್ವಾರಿಗಳ ಪಾಲಾಗುತ್ತಿವೆ, ಜಲ್ಲಿಯಾಗಿ ರಸ್ತೆ ಸೇರುತ್ತಿವೆ, ಉಳಿದವು ಜಾಹೀರಾತು-ಘೋಷಣೆಗಳ ಬಣ್ಣಕ್ಕೆ ಗೋಡೆಯಾಗುತ್ತಿವೆ. ಊರ ಹನುಮಪ್ಪನ ಗುಡಿಯ ಮುಂದಿನ ಶಾಸನಕ್ಕೆ ಭಕ್ತಿಯಿಂದಲೇ ಸುಣ್ಣ, ಎಣ್ಣೆಬಣ್ಣ ಬಳಿಯುವುದೂ ಉಂಟು. ಆ ಬಣ್ಣವನ್ನು ಮತ್ತೆ ತೆಗೆಯುವಾಗ ಕಲ್ಲಿಗೆ ಆಗುವ ಹಾನಿಯೂ ಕಡಿಮೆಯದಲ್ಲ.

ಈ ಗುಂಡುಗಳ ಉಪಯೋಗ ಶಾಸನಕ್ಕಷ್ಟೇ ಸೀಮಿತವಲ್ಲ. ಲೈಕೆನ್ ತನ್ನ ಆಹಾರದ ಬಹುಪಾಲನ್ನು ಗಾಳಿ-ಮಳೆಗಳಿಂದಲೇ ಪಡೆಯುವುದರಿಂದ ಗಾಳಿಯ ವಿಷವನ್ನೂ ಹೀರುತ್ತದೆ. ಪ್ಯಾರಿಸ್ಸಿನ ಉದ್ಯಾನದಲ್ಲಿ ಲೈಕೆನ್‌ಗಳು ಕ್ಷೀಣಿಸುತ್ತಿರುವುದಕ್ಕೂ ನಗರದ ಗಾಳಿಗೂ ಸಂಬಂಧವಿದೆಯೆಂದು 1866ರಲ್ಲೇ ಹೇಳಿದವನು ಅದೇ ನೈಲಾಂಡರ್. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್, ಇಂಗ್ಲೆಂಡಿನ ಮರಗಳ ಮೇಲೆ ಯಾವ ಲೈಕೆನ್ ಉಳಿದಿದೆ, ಯಾವುದು ಅಳಿದಿದೆ ಎಂಬುದರಿಂದಲೇ ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡಿನ ಪ್ರಮಾಣವನ್ನು ಅಂದಾಜು ಮಾಡುವ ಮಾಪಕವನ್ನು ರೂಪಿಸಿದರು. 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಆಮೇಲೆ ಬಂದ ಯರಮರಸಿನ ಸ್ಥಾವರ ಎರಡೂ ಇರುವ ರಾಯಚೂರಿಗೆ ಬಂಡೆಗಳ ಮೇಲಿನ ಲೈಕೆನ್‌ಗಳ ಪಟ್ಟಿ ಒಂದು ದಾಖಲೆ. ಹತ್ತು ವರ್ಷ ಬಿಟ್ಟು ಅದೇ ಬಂಡೆಗೆ ಮತ್ತೆ ಹೋಗಿ ನೋಡಿದರೆ ಗಾಳಿ ಹೇಗಿತ್ತೆಂಬುದಕ್ಕೆ ಅದು ಸಾಕ್ಷಿ ಹೇಳಬಲ್ಲದು.

ಈ ಕೆಲಸಕ್ಕೆ ಬೇಕಾದ ಸಲಕರಣೆಗಳು ದುಬಾರಿಯಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಮಸೂರ, ಎರಡು ಪುಟ್ಟ ಸೀಸೆಗಳಲ್ಲಿ ದ್ರಾವಣ, ಪದವಿ ಕಾಲೇಜಿನಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕ, ಸ್ಥಳ-ದಿನಾಂಕ ಬರೆದ ಕಾಗದದ ಪೊಟ್ಟಣ. ಹೆಚ್ಚು ಬೇಕಾದದ್ದು ತಾಳ್ಮೆ. ಗಬ್ಬೂರಿನ ಶಾಸನವನ್ನು ಓದಲು ಲಿಪಿ ಕಲಿತವರು ಬೇಕಾದಂತೆ, ಅದರ ಮೇಲೆ ಬೆಳೆದದ್ದನ್ನು ಓದಲು ಲೈಕೆನ್‌ಗಳ ಲಿಪಿ ಕಲಿತವರೂ ಬೇಕು. ಇಬ್ಬರೂ ಒಟ್ಟಿಗೆ ನಿಂತು ನೋಡಿದ ಮೇಲೆ ಬ್ರಷ್ ಎತ್ತಿಕೊಳ್ಳುವುದೋ ಬಿಡುವುದೋ ತೀರ್ಮಾನವಾಗಲಿ. ಏಳುನೂರು ವರ್ಷ ಕಾದು ನಿಂತ ಕಲ್ಲಿಗೆ ಅಷ್ಟು ಹೊತ್ತು ಕಾಯುವುದು ದೊಡ್ಡ ಮಾತಲ್ಲ.